ಎದೆಯಲ್ಲಿ ಹಾಲಿನಂಥ ನೀರು: ಕುಮಟಾ ಕಡೆಯ ಒಂದು ಪ್ರಕರಣ

36 ವರ್ಷದ ಅಂಗನವಾಡಿ ಶಿಕ್ಷಕಿ. ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಹೊಳೆಯ ಹತ್ತಿರದ ಒಂದು ಹಳ್ಳಿಯವರು. ಇಬ್ಬರು ಮಕ್ಕಳು. ಗಂಡ ಬಾಡಿಗೆ ಟೆಂಪೊ ಓಡಿಸುತ್ತಾರೆ. ಮನೆಯಲ್ಲಿ ಬೀಡಿ, ಸಿಗರೇಟು ಸೇದುವವರು ಯಾರೂ ಇಲ್ಲ. ಎದೆಯ ಬಲಗಡೆ ನೀರು ತುಂಬುತ್ತದೆ, ತೆಗೆಸಿದರೆ ಕೆಲವು ವಾರ ಹಾಯಾಗಿರುತ್ತದೆ, ಆಮೇಲೆ ಮತ್ತೆ ತುಂಬುತ್ತದೆ ಎಂದು ನಮ್ಮಲ್ಲಿಗೆ ಬಂದರು.

ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಿರಲಿ ಎಂದು ಒಂದೆರಡು ವಿವರ ಬದಲಿಸಿದ್ದೇನೆ. ಊರಿನವರು ಕರೆಯುವ ಹಾಗೆ ಇಲ್ಲಿ ಅವರನ್ನು ಅಕ್ಕೋರು ಎಂದೇ ಕರೆಯುತ್ತೇನೆ.

ಅವರಿಗಿದ್ದ ಕಾಯಿಲೆ ಬಹಳ ಅಪರೂಪದ್ದು. ಹತ್ತು ಲಕ್ಷ ಹೆಂಗಸರಲ್ಲಿ ಕೆಲವರಿಗೆ ಮಾತ್ರ ಬರುವಂಥದ್ದು. ಆದರೆ ಅದನ್ನು ಹಿಡಿದುಕೊಟ್ಟ ಟೆಸ್ಟು ಯಾವ ತಾಲೂಕಿನ ಸಣ್ಣ ಲ್ಯಾಬಿನಲ್ಲೂ ಆಗುತ್ತದೆ. ಚಿಕಿತ್ಸೆಯಂತೂ ಒಮ್ಮೆ ಹಾಳಾದದ್ದೂ ಮತ್ತೆ ದಾರಿಗೆ ಬಂದದ್ದೂ ಅಡುಗೆಮನೆಯಲ್ಲೇ. ಈ ಎರಡು ವಿಷಯ ಹೇಳಬೇಕೆಂದೇ ಇದನ್ನು ಬರೆದೆ.

ಮೂರು ಕೊಟ್ಟೆಗಳಲ್ಲಿದ್ದ ಕಾಗದಗಳು

ಅಕ್ಕೋರು ಬರುವಾಗ ಮೂರು ಪ್ಲಾಸ್ಟಿಕ್ ಕೊಟ್ಟೆ ತಂದಿದ್ದರು. ಒಂದೊಂದರಲ್ಲಿ ಒಂದೊಂದು ಕಾಲದ ಕಾಗದ.

ಮೊದಲನೆಯದರಲ್ಲಿ ಉಬ್ಬಸದ ಚೀಟಿಗಳು. ಅವರ ಅಂಗನವಾಡಿ ಇರುವುದು ಸಣ್ಣ ಗುಡ್ಡದ ಮೇಲೆ. ಕೆಲವು ವರ್ಷಗಳಿಂದ ಅಷ್ಟು ಹತ್ತುವುದರಲ್ಲೇ ಏದುಸಿರು ಬರುತ್ತಿತ್ತು. ಅಸ್ತಮಾ ಎಂದು ಹೇಳಿ ಬಾಯಿಗೆ ಎಳೆದುಕೊಳ್ಳುವ ಪಂಪು ಕೊಟ್ಟಿದ್ದರು. ಅದರಿಂದ ಹೇಳಿಕೊಳ್ಳುವಂಥ ಗುಣವೇನೂ ಸಿಕ್ಕಿರಲಿಲ್ಲ.

ಎರಡನೆಯದರಲ್ಲಿ ಎರಡನೇ ಬಸಿರಿನ ಕಾಗದಗಳು. ಏಳನೇ ತಿಂಗಳಲ್ಲಿ ಒಂದು ರಾತ್ರಿ ಎಡಗಡೆ ಎದೆ ಚಳಕ್ ಎಂದು ಹಿಡಿಯಿತಂತೆ. ಶ್ವಾಸಕೋಶದಿಂದ ಗಾಳಿ ಸೋರಿ ಹೊರಗೆ ತುಂಬಿಕೊಂಡಿತ್ತು, ಶ್ವಾಸಕೋಶ ಮುದುಡಿತ್ತು. ನಳಿಗೆ ಹಾಕಿ ಸರಿಮಾಡಿದ್ದರು. ಹೆರಿಗೆಯ ನಂತರ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ ಎಂದು ಒಂದು ವರ್ಷಕ್ಕೂ ಹೆಚ್ಚು ಕಾಲ ಈಸ್ಟ್ರೋಜನ್ ಇರುವ ಹಾರ್ಮೋನ್ ಮಾತ್ರೆ ತಿಂದಿದ್ದರು. ಆ ಚೀಟಿಯೂ ಅದೇ ಕೊಟ್ಟೆಯಲ್ಲಿತ್ತು.

ಮೂರನೆಯದು ಅವರು ನಮ್ಮಲ್ಲಿಗೆ ಬಂದ ವರ್ಷದ್ದು. ಮಳೆ ಹಿಡಿಯುವ ಹೊತ್ತಿಗೆ ಕೆಮ್ಮು, ಸುಸ್ತು, ತೂಕ ಇಳಿತ ಶುರುವಾಗಿದೆ. ಎಕ್ಸ್‌ರೇಯಲ್ಲಿ ಬಲಗಡೆ ನೀರು ಕಂಡಿದೆ. ಒಂದು ಆಸ್ಪತ್ರೆಯಲ್ಲಿ ಸೂಜಿ ಹಾಕಿ ನೀರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಸ್ವಲ್ಪ ಮಬ್ಬಾದ ಹಳದಿ ನೀರು. ಪ್ರೋಟೀನ್ ಜಾಸ್ತಿ. ಕಣಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಲಿಂಫೋಸೈಟ್ ಎಂಬ ಬಿಳಿ ರಕ್ತಕಣ. ನಮ್ಮ ದೇಶದಲ್ಲಿ ಇಂಥ ನೀರು ಕಂಡರೆ ಯಾವ ವೈದ್ಯರಿಗೂ ಮೊದಲು ನೆನಪಾಗುವುದು ಕ್ಷಯ. ನೆನಪಾಗಲೂ ಬೇಕು. ಆದರೆ ಅದೇ ವರದಿಯ ಕೆಳಗಿನ ಸಾಲಿನಲ್ಲಿ, ಕ್ಷಯದ ಗುಮಾನಿಯಿದ್ದಾಗ ನೋಡುವ ಎ.ಡಿ.ಎ. ಎಂಬ ಕಿಣ್ವ 14 ಎಂದಿತ್ತು. ಕ್ಷಯದ ನೀರಿನಲ್ಲಿ ಇದು ಸಾಮಾನ್ಯವಾಗಿ 40ಕ್ಕಿಂತ ಮೇಲಿರುತ್ತದೆ. ಆ ಸಾಲಿಗೆ ಯಾರೂ ಬೆಲೆ ಕೊಟ್ಟ ಹಾಗೆ ಕಾಣಲಿಲ್ಲ. ಕ್ಷಯದ ಮಾತ್ರೆ ಶುರುವಾಗಿತ್ತು. ಎರಡು ತಿಂಗಳು ತಪ್ಪದೇ ತಿಂದಿದ್ದರು. ನೀರು ಮಾತ್ರ ತುಂಬುತ್ತಲೇ ಇತ್ತು.

ಉಬ್ಬಸ, ಗಾಳಿ ಸೋರಿಕೆ, ನೀರು. ಒಂದೊಂದನ್ನೇ ನೋಡಿದರೆ ಮೂರೂ ಮಾಮೂಲು ತೊಂದರೆಗಳು. ಬೀಡಿ ಮುಟ್ಟದ, ಮಕ್ಕಳಾಗುವ ವಯಸ್ಸಿನ ಒಬ್ಬಳೇ ಹೆಂಗಸಿಗೆ ಮೂರೂ ಬಂದಿವೆ ಎಂದಾಗ ಮಾಮೂಲಲ್ಲ. ಆದರೆ ಮೂರು ಕೊಟ್ಟೆಗಳನ್ನು ಒಂದೇ ಮೇಜಿನ ಮೇಲೆ ಬಿಚ್ಚುವ ಸಂದರ್ಭ ಅಲ್ಲಿಯವರೆಗೆ ಯಾರಿಗೂ ಬಂದಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಇದು ಹೊಸದೇನಲ್ಲ. ಒಂದು ತೊಂದರೆಗೆ ಹೊನ್ನಾವರ, ಇನ್ನೊಂದಕ್ಕೆ ಹುಬ್ಬಳ್ಳಿ, ಮತ್ತೊಂದಕ್ಕೆ ಮಂಗಳೂರು ಎಂದು ಜನ ಓಡಾಡುತ್ತಾರೆ. ಕಾಗದಗಳು ಮಾತ್ರ ಅವರ ಬೀರುವಿನಲ್ಲೇ ಬೇರೆ ಬೇರೆಯಾಗಿ ಉಳಿಯುತ್ತವೆ.

ಚೌತಿ ಮರುದಿನದ ನೀರು

ಅವರು ನಮ್ಮಲ್ಲಿಗೆ ಬಂದದ್ದು ಗಣೇಶ ಚೌತಿಯ ಮರುದಿನ. ಹಬ್ಬದ ಪಂಚಕಜ್ಜಾಯ, ಕರ್ಜಿಕಾಯಿ, ಚಕ್ಕುಲಿ ಎಲ್ಲ ತಿಂದಿದ್ದರು. ಉಸಿರಾಟಕ್ಕೆ ಕಷ್ಟವಾಗುತ್ತಿತ್ತು. ಅಂದೇ ಸೂಜಿ ಹಾಕಿ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ತೆಗೆದೆವು. ಬಾಟಲಿಗೆ ಬಿದ್ದದ್ದು ಅಚ್ಚ ಬಿಳಿ.

ಜೊತೆಗೆ ಬಂದಿದ್ದ ಅತ್ತೆ ಗಾಬರಿಯಾದರು. “ಮಗು ಮೊಲೆಹಾಲು ಬಿಟ್ಟು ಎಷ್ಟು ವರ್ಷ ಆಯ್ತು. ಆ ಹಾಲು ಒಳಗೇ ಇಳಿದದ್ಯಾ ಡಾಕ್ಟ್ರೇ?” ಎಂದು ಕೇಳಿದರು. ಅಲ್ಲ ಅಮ್ಮಾ, ಅದು ಬೇರೆ ಇದು ಬೇರೆ ಎಂದೆ. ಆದರೂ ಕೇಳಿದ್ದು ಒಳ್ಳೆಯದೇ ಆಯಿತು. ಮನೆಯಲ್ಲಿ ಆ ಗುಮಾನಿ ಸುಮ್ನೆ ಬೆಳೆಯುತ್ತಿತ್ತು.

ಎದೆಯಿಂದ ಬಿಳಿ ನೀರು ಬಂದರೆ ಮೂರು ಸಾಧ್ಯತೆ. ಕೀವು ಇರಬಹುದು. ಕರುಳಿನಿಂದ ಕೊಬ್ಬು ಹೊತ್ತು ತರುವ ದುಗ್ಧರಸ ಸೋರಿರಬಹುದು. ಇಲ್ಲವೇ ವರ್ಷಗಟ್ಟಲೆ ನಿಂತ ಹಳೆಯ ನೀರಿನಲ್ಲಿ ಕೊಲೆಸ್ಟರಾಲ್ ಸೇರಿ ಬಿಳಿಯಾಗಿರಬಹುದು. ಹಳೆಯ ಕ್ಷಯದಲ್ಲಿ ಈ ಕೊನೆಯದು ಆಗುವುದುಂಟು. ಕೀವನ್ನು ಬೇರೆ ಮಾಡುವುದು ಸುಲಭ. ಟ್ಯೂಬನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿದರೆ ಕೀವು ಕೆಳಗೆ ಕೂರುತ್ತದೆ, ಮೇಲಿನ ನೀರು ತಿಳಿಯಾಗುತ್ತದೆ. ದುಗ್ಧರಸ ಎಷ್ಟು ತಿರುಗಿಸಿದರೂ ಬಿಳಿಯಾಗಿಯೇ ಇರುತ್ತದೆ. ಇವರದ್ದು ಹಾಗೇ ಉಳಿಯಿತು.

ಮುಂದಿನದು ಟ್ರೈಗ್ಲಿಸರೈಡ್. ಬೆಳಗ್ಗೆ ಖಾಲಿಹೊಟ್ಟೆಯಲ್ಲಿ ರಕ್ತ ಕೊಟ್ಟು ಮಾಡಿಸುತ್ತಾರಲ್ಲ, ಕೊಲೆಸ್ಟರಾಲ್ ಜೊತೆ ಬರುತ್ತದಲ್ಲ, ಅದೇ ಟೆಸ್ಟು. ಅದನ್ನೇ ಎದೆಯ ನೀರಿನಲ್ಲಿ ಮಾಡಬೇಕು. ಲ್ಯಾಬಿನ ಹುಡುಗ ಹಿಂದೆಮುಂದೆ ನೋಡಿದ. “ಇದು ರಕ್ತ ಅಲ್ವಲ್ಲ ಸರ್, ಮಷಿನ್ ತಗೊಳ್ತದೋ ಇಲ್ವೋ” ಎಂದ. ತಗೊಂಡಿತು. ಟ್ರೈಗ್ಲಿಸರೈಡ್ 840, ಕೊಲೆಸ್ಟರಾಲ್ 68.

ಲೆಕ್ಕ ಹೀಗೆ. ಟ್ರೈಗ್ಲಿಸರೈಡ್ ಪ್ರತಿ ಡೆಸಿಲೀಟರಿಗೆ 110 ಮಿಲಿಗ್ರಾಂ ದಾಟಿದರೆ ಅದು ದುಗ್ಧರಸ ಎಂದೇ ಇಟ್ಟುಕೊಳ್ಳಬಹುದು. 50ಕ್ಕಿಂತ ಕಡಿಮೆಯಾದರೆ ಬಹುತೇಕ ಅಲ್ಲ. ನಡುವೆ ಬಂದರೆ ನೀರಿನಲ್ಲಿ ಕೈಲೋಮೈಕ್ರಾನ್ ಎಂಬ ಕೊಬ್ಬಿನ ಕಣಗಳಿವೆಯೇ ಎಂದು ದೊಡ್ಡ ಲ್ಯಾಬಿನಲ್ಲಿ ನೋಡಿಸಬೇಕು. ಹಳೆಯ ನೀರಾಗಿದ್ದರೆ ಕೊಲೆಸ್ಟರಾಲ್ 200 ದಾಟಬೇಕಿತ್ತು. ಇಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಎದೆಯೊಳಗೆ ದುಗ್ಧರಸ ಸೇರುವ ಈ ಸ್ಥಿತಿಗೆ ಕೈಲೋಥೊರಾಕ್ಸ್ ಎನ್ನುತ್ತಾರೆ.

ಹಾಗಾದರೆ ಮೊದಲ ಸಲ ತೆಗೆದ ನೀರು ಏಕೆ ಬಿಳಿಯಾಗಿರಲಿಲ್ಲ? ಅಕ್ಕೋರನ್ನೇ ಕೇಳಿದೆ. ಆಗ ಜ್ವರ ಬಂದು ಬಾಯಿ ಕೆಟ್ಟು, ಆರೇಳು ದಿನ ಬರೀ ಗಂಜಿ ತಿಳಿ ಕುಡಿದಿದ್ದರಂತೆ. ಊಟದಲ್ಲಿ ಕೊಬ್ಬಿಲ್ಲದಿದ್ದರೆ ದುಗ್ಧರಸಕ್ಕೆ ಬಿಳಿ ಬಣ್ಣ ಬರುವುದಿಲ್ಲ. ಮಬ್ಬು ಹಳದಿಯಾಗಿಯೇ ಇರುತ್ತದೆ. ಅದರಲ್ಲಿ ಸಹಜವಾಗಿಯೇ ಲಿಂಫೋಸೈಟ್ ತುಂಬಿರುತ್ತದೆ. ಕ್ಷಯದ ನೀರಿನಲ್ಲೂ ಅದೇ ಕಣ. ಹೀಗೆ ಎರಡೂ ಒಂದೇ ಥರ ಕಂಡವು. ನನ್ನ ಅಭಿಪ್ರಾಯ ಇಷ್ಟೇ: ಲಿಂಫೋಸೈಟ್ ಜಾಸ್ತಿ, ಎ.ಡಿ.ಎ. ಕಡಿಮೆ ಎಂದು ಕಂಡ ಎದೆನೀರಿಗೆಲ್ಲ, ಬಣ್ಣ ಯಾವುದೇ ಇರಲಿ, ಟ್ರೈಗ್ಲಿಸರೈಡ್ ಬರೆಯಬೇಕು. ಕಾರವಾರದಲ್ಲಾಗಲಿ ಶಿರಸಿಯಲ್ಲಾಗಲಿ ಆಗದ ಟೆಸ್ಟು ಅಲ್ಲ ಅದು.

ದಾರಿ ಯಾವುದು, ಸೋರಿದ್ದು ಎಲ್ಲಿ

ನಾವು ತಿಂದ ಕೊಬ್ಬಿನ ಬಹುಭಾಗ ನೇರ ರಕ್ತಕ್ಕೆ ಹೋಗುವುದಿಲ್ಲ. ಕರುಳಿನ ಸಣ್ಣ ದುಗ್ಧನಾಳಗಳಿಗೆ ಇಳಿಯುತ್ತದೆ. 1622ರಲ್ಲಿ ಇಟಲಿಯ ಗಾಸ್ಪರೋ ಅಸೆಲ್ಲಿ ಎಂಬ ವೈದ್ಯ ಆಗಷ್ಟೇ ತಿಂದಿದ್ದ ನಾಯಿಯ ಹೊಟ್ಟೆ ಸೀಳಿದಾಗ ಈ ಬಿಳಿ ದಾರಗಳನ್ನು ಕಂಡ. ಹಸಿದ ನಾಯಿಯಲ್ಲಿ ಅವು ಕಣ್ಣಿಗೆ ಬೀಳಲಿಲ್ಲ. ಅಕ್ಕೋರ ಎರಡು ಬಾಟಲಿಗಳ ವ್ಯತ್ಯಾಸವೂ ಇದೇ ಅಲ್ವಾ? 1651ರಲ್ಲಿ ಫ್ರಾನ್ಸಿನ ಜಾನ್ ಪೆಕೆ ಈ ದಾರಗಳೆಲ್ಲ ಹೋಗಿ ಸೇರುವ ದೊಡ್ಡ ನಾಳವನ್ನು ವಿವರಿಸಿದ.

ಆ ದೊಡ್ಡ ನಾಳ ಹೊಟ್ಟೆಯ ಹಿಂಭಾಗದಲ್ಲಿ, ಸೊಂಟದ ಮೊದಲೆರಡು ಮೂಳೆಗಳ ಹತ್ತಿರ ಹುಟ್ಟುತ್ತದೆ. ಬೆನ್ನುಮೂಳೆಯ ಮುಂದೆ, ನಡುವಿನಿಂದ ಸ್ವಲ್ಪ ಬಲಕ್ಕೆ ಮೇಲೇರುತ್ತದೆ. ಎದೆಯ ಐದನೇ ಮೂಳೆಯ ಆಸುಪಾಸಿನಲ್ಲಿ ಎಡಕ್ಕೆ ದಾಟುತ್ತದೆ. ಕೊನೆಗೆ ಕುತ್ತಿಗೆಯ ಎಡಬುಡದಲ್ಲಿ ದೊಡ್ಡ ರಕ್ತನಾಳ ಸೇರುತ್ತದೆ. ದಿನಕ್ಕೆ ಸುಮಾರು ಎರಡು ಲೀಟರ್ ರಸ ಇದರಲ್ಲಿ ಹರಿಯುತ್ತದೆ. ದಾಟುವುದಕ್ಕೆ ಮೊದಲು ಸೋರಿದರೆ ನೀರು ಸಾಮಾನ್ಯವಾಗಿ ಬಲಗಡೆ, ದಾಟಿದ ಮೇಲಾದರೆ ಎಡಗಡೆ. ಇವರದ್ದು ಬಲ.

ಸೋರಲು ಕಾರಣಗಳು ಹಲವು. ಎದೆಯ ಆಪರೇಷನ್ ಅಥವಾ ಪೆಟ್ಟು ದೊಡ್ಡ ಕಾರಣ. ಇವರಿಗೆ ಎರಡೂ ಆಗಿರಲಿಲ್ಲ. ಲಿಂಫೋಮಾ ಎಂಬ ಕ್ಯಾನ್ಸರ್ ಇನ್ನೊಂದು. ಕ್ಷಯದ ಗಂಟುಗಳು ನಾಳವನ್ನು ಒತ್ತಿಯೂ ಹೀಗಾಗಬಹುದು. ಆದ್ದರಿಂದ ನೀರು ಬಿಳಿ ಎಂದ ಮಾತ್ರಕ್ಕೆ ಕ್ಷಯ ಅಲ್ಲ ಎಂದು ಹಾರಿ ಹೇಳುವ ಹಾಗೂ ಇಲ್ಲ. ನಮ್ಮ ಕರಾವಳಿಯಲ್ಲಿ ಆನೆಕಾಲಿನ ಹುಳುವನ್ನೂ ನೆನೆಯಬೇಕು. ಅದು ದುಗ್ಧನಾಳಗಳಲ್ಲೇ ವಾಸ ಮಾಡುವ ಹುಳ. ಮೂತ್ರ ಹಾಲಿನಂತೆ ಹೋಗುವುದು ಅದರಿಂದ ಆಗುತ್ತದೆ, ಬಲು ಅಪರೂಪಕ್ಕೆ ಎದೆಯಲ್ಲೂ ರಸ ಸೇರಬಹುದು. ರಾತ್ರಿ ಹತ್ತರ ಮೇಲೆ ರಕ್ತ ತೆಗೆಸಿ ನೋಡಿದೆವು. ಹುಳ ಇರಲಿಲ್ಲ. ಕಫದಲ್ಲಿ, ನೀರಿನಲ್ಲಿ ಕ್ಷಯದ ರೋಗಾಣುವೂ ಸಿಗಲಿಲ್ಲ.

ಎದೆಯ ಸಿ.ಟಿ. ಸ್ಕ್ಯಾನಿಗೆ ಮಣಿಪಾಲಕ್ಕೆ ಕಳಿಸಿದೆ. ಅಲ್ಲಿ ಕತೆ ಬಿಚ್ಚಿಕೊಂಡಿತು. ಎರಡೂ ಶ್ವಾಸಕೋಶಗಳ ತುಂಬ, ಮೇಲಿನಿಂದ ಕೆಳಗಿನವರೆಗೆ, ತೆಳುಗೋಡೆಯ ದುಂಡು ದುಂಡು ಗುಳ್ಳೆಗಳು. ಗಂಟುಗಳಿಲ್ಲ. ಹೊಟ್ಟೆಯ ಸ್ಕ್ಯಾನಿನಲ್ಲಿ ಬಲ ಮೂತ್ರಪಿಂಡದಲ್ಲಿ ಎರಡು ಸೆಂಟಿಮೀಟರಿನ, ಕೊಬ್ಬು ತುಂಬಿದ ಒಂದು ಗಡ್ಡೆ. ಆಂಜಿಯೋಮಯೋಲಿಪೋಮಾ ಎಂದು ಅದರ ಹೆಸರು, ಕ್ಯಾನ್ಸರ್ ಅಲ್ಲ.

ಇಂಥ ಗುಳ್ಳೆಗಳ ಜೊತೆ ಎದೆಯಲ್ಲಿ ದುಗ್ಧರಸವೋ ಮೂತ್ರಪಿಂಡದಲ್ಲಿ ಈ ಗಡ್ಡೆಯೋ, ಯಾವುದಾದರೂ ಒಂದಿದ್ದರೆ ಸಾಕು, ಶ್ವಾಸಕೋಶದ ಚೂರು ತೆಗೆದು ನೋಡುವ ಅಗತ್ಯವಿಲ್ಲ. ಇವರಿಗೆ ಎರಡೂ ಇದ್ದವು. ಕಾಯಿಲೆಯ ಹೆಸರು ಲಿಂಫಾಂಜಿಯೋಲಿಯೋಮಯೋಮಟೋಸಿಸ್. ಹೇಳಲು ನಾಲಿಗೆ ತೊಡರುವುದರಿಂದ ಎಲ್ಲರೂ ಲ್ಯಾಮ್ ಎನ್ನುತ್ತಾರೆ.

ಲ್ಯಾಮ್ ಬರುವುದು ಹೆಚ್ಚುಕಡಿಮೆ ಹೆಂಗಸರಿಗೇ, ಅದರಲ್ಲೂ ಮಕ್ಕಳಾಗುವ ವಯಸ್ಸಿನಲ್ಲಿ. ನಯಸ್ನಾಯುವಿನಂಥ ಕೆಲವು ಕಣಗಳು ಶ್ವಾಸಕೋಶದಲ್ಲೂ ದುಗ್ಧನಾಳಗಳಲ್ಲೂ ಅಂಕೆ ಮೀರಿ ಬೆಳೆಯುತ್ತವೆ. ಟಿ.ಎಸ್.ಸಿ.1 ಅಥವಾ ಟಿ.ಎಸ್.ಸಿ.2 ಎಂಬ ಜೀನ್ ಕೆಟ್ಟಿರುತ್ತದೆ, ಹೆಚ್ಚಾಗಿ ಎರಡನೆಯದು. ಈ ಜೀನ್‌ಗಳು ಕಣದ ಬೆಳವಣಿಗೆಗೆ ಹಾಕಿದ ತಡೆ. ತಡೆ ಹೋದರೆ ಎಂಟಾರ್ ಎಂಬ ಪ್ರೋಟೀನ್ ಬಿಡುವಿಲ್ಲದೆ ಬೆಳೆಯಲು ಹೇಳುತ್ತಲೇ ಇರುತ್ತದೆ. ಶ್ವಾಸಕೋಶದ ಅಂಗಾಂಶ ಹಾಳಾಗಿ ಗುಳ್ಳೆಯಾಗುತ್ತದೆ. ಗುಳ್ಳೆ ಒಡೆದರೆ ಗಾಳಿ ಸೋರುತ್ತದೆ, ಬಸಿರಿನಲ್ಲಿ ಆದದ್ದು ಅದೇ. ದುಗ್ಧನಾಳ ಕಟ್ಟಿಕೊಂಡು ಸೋರಿದರೆ ಬಿಳಿ ನೀರು. ಸಣ್ಣ ಶ್ವಾಸನಾಳಗಳು ಕಿರಿದಾದರೆ ಅಸ್ತಮಾದಂತೆ ಏದುಸಿರು. ಈಸ್ಟ್ರೋಜನ್ ಈ ಕಾಯಿಲೆಗೆ ಇಂಬು ಕೊಡುತ್ತದೆ, ಹಾಗಾಗಿ ಆ ಮಾತ್ರೆ ಇನ್ನು ಮುಂದೆ ಬೇಡ. ಮೂರು ಕೊಟ್ಟೆಗಳಿಗೂ ಉತ್ತರ ಸಿಕ್ಕಿತು.

ಇದೇ ಜೀನ್ ಹುಟ್ಟಿನಿಂದ ಕೆಟ್ಟು ಬರುವ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯಲ್ಲೂ ಲ್ಯಾಮ್ ಬರುತ್ತದೆ. ಫಿಟ್ಸ್, ಮುಖದ ಮೇಲಿನ ಗುಳ್ಳೆಗಳು, ಮನೆತನದಲ್ಲಿ ಯಾರಿಗಾದರೂ ಇದೆಯೇ ಎಂದು ವಿಚಾರಿಸಿದೆವು. ಏನೂ ಇರಲಿಲ್ಲ. “ಹಾಗಾರೆ ಮಕ್ಕಳಿಗೆ ಬರೂದಿಲ್ಲ ಅಲ್ಲಾ?” ಎಂದು ಅಕ್ಕೋರು ಎರಡು ಸಲ ಕೇಳಿದರು. ಇವರದ್ದು ಹಾಗೆ ವಂಶದಲ್ಲಿ ಇಳಿದು ಬರುವ ಬಗೆಯಲ್ಲ ಎಂದು ತಿಳಿಸಿದೆವು.

ತೆಂಗಿನಕಾಯಿಯ ಪ್ರಶ್ನೆ

ಔಷಧಿ ಶುರುಮಾಡುವ ಮೊದಲು ಸೋರಿಕೆ ತಗ್ಗಿಸಬೇಕಿತ್ತು. ಪದೇ ಪದೇ ನೀರು ತೆಗೆಯುವುದು ಒಳ್ಳೆಯದಲ್ಲ. ಬಾಟಲಿಗೆ ಬೀಳುವುದು ಬರೀ ನೀರಲ್ಲ. ಪ್ರೋಟೀನ್, ಕೊಬ್ಬು, ಎ, ಡಿ, ಇ, ಕೆ ವಿಟಮಿನ್‌ಗಳು, ರೋಗದ ವಿರುದ್ಧ ಹೋರಾಡುವ ಲಿಂಫೋಸೈಟ್ ಎಲ್ಲ ಹೊರಗೆ ಹೋಗುತ್ತವೆ. ಅಕ್ಕೋರ ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಆಗಲೇ 2.6ಕ್ಕೆ ಇಳಿದಿತ್ತು. ಕೈ ಬಳೆ ಸಡಿಲವಾಗಿ ಮೊಣಕೈವರೆಗೆ ಜಾರುತ್ತಿತ್ತು.

ಊಟದಲ್ಲಿ ಕೊಬ್ಬು ಕಡಿಮೆಯಾದರೆ ನಾಳದಲ್ಲಿ ಹರಿವು ಕಡಿಮೆಯಾಗುತ್ತದೆ. ಅದಕ್ಕೇ ದಿನಕ್ಕೆ ಹತ್ತು ಗ್ರಾಂ ಸುತ್ತಮುತ್ತ ಕೊಬ್ಬು ಸಾಕು, ಉಳಿದ ಶಕ್ತಿಗೆ ಎಂ.ಸಿ.ಟಿ. ಎಣ್ಣೆ ಬಳಸಿ ಎಂದು ಮಣಿಪಾಲದಲ್ಲಿ ಬರೆದುಕೊಟ್ಟರು. ಎಂ.ಸಿ.ಟಿ. ಎಂದರೆ ಮಧ್ಯಮ ಉದ್ದದ ಸರಪಳಿಯ ಕೊಬ್ಬು. ಅದು ದುಗ್ಧನಾಳದ ಗೊಡವೆಗೆ ಹೋಗದೆ, ಕರುಳಿನಿಂದ ನೇರ ರಕ್ತದ ಮೂಲಕ ಯಕೃತ್ತಿಗೆ ಹೋಗುತ್ತದೆ.

ಚೀಟಿ ಮನೆಗೆ ಬಂತು. ಸಂಬಂಧಿಕರೊಬ್ಬರು ಮೊಬೈಲಿನಲ್ಲಿ ಹುಡುಕಿ, ಎಂ.ಸಿ.ಟಿ. ಅಂದರೆ ತೆಂಗಿನೆಣ್ಣೆಯೇ ಎಂದರು. ಮನೆಯವರಿಗೆಲ್ಲ ಖುಷಿ. ನಮ್ಮ ಎಣ್ಣೆಯೇ ಔಷಧಿ ಎಂದಾದರೆ ಯಾರಿಗೆ ಖುಷಿಯಾಗುವುದಿಲ್ಲ? ಗಂಡ ಒಳ್ಳೆಯ ಗಾಣದ ಎಣ್ಣೆ ತಂದರು. ಬೆಳಗ್ಗೆ ಎರಡು ಚಮಚ ಬಿಸಿನೀರಿನ ಜೊತೆ, ಸಂಜೆ ಎರಡು ಚಮಚ. ತುಪ್ಪ, ಬೆಣ್ಣೆ, ಬಂಗಡೆ, ತಾರ್ಲೆ ಎಲ್ಲ ನಿಷ್ಠೆಯಿಂದ ಬಿಟ್ಟಿದ್ದರು. ಆದರೂ ಎರಡೇ ವಾರದಲ್ಲಿ ಉಸಿರು ಮತ್ತೆ ಕಟ್ಟಿತು. ಎದೆ ತುಂಬಿತ್ತು.

ಎಂ.ಸಿ.ಟಿ. ಎಣ್ಣೆಯನ್ನು ತೆಂಗಿನೆಣ್ಣೆಯಿಂದ ತೆಗೆಯುತ್ತಾರೆ ಎಂಬುದು ನಿಜ. ಹಾಗೆಂದು ಎರಡೂ ಒಂದೇ ಅಲ್ಲ. ತೆಂಗಿನೆಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಲಾರಿಕ್ ಆಮ್ಲ. ಅದರ ಸರಪಳಿಯಲ್ಲಿ 12 ಇಂಗಾಲ. ಪುಸ್ತಕದಲ್ಲಿ ಅದನ್ನು ಮಧ್ಯಮ ಸರಪಳಿ ಎಂದೇ ಬರೆದಿರುತ್ತಾರೆ, ಆದರೆ ದೇಹದೊಳಗೆ ಅದರ ದೊಡ್ಡ ಪಾಲು ದುಗ್ಧನಾಳದ ದಾರಿಯನ್ನೇ ಹಿಡಿಯುತ್ತದೆ. ನೇರ ರಕ್ತಕ್ಕೆ ಹೋಗುವುದು 8 ಮತ್ತು 10 ಇಂಗಾಲದ ಆಮ್ಲಗಳು. ತೆಂಗಿನೆಣ್ಣೆಯಲ್ಲಿ ಅವೆರಡೂ ಸೇರಿ ನೂರಕ್ಕೆ ಹದಿನೈದರಷ್ಟೂ ಕಷ್ಟ. ಉಳಿದದ್ದು ಇನ್ನೂ ಉದ್ದದವು. ಅಂದರೆ ಅಕ್ಕೋರು ಔಷಧಿ ಎಂದು ಕುಡಿದ ಎಣ್ಣೆಯ ಬಹುಪಾಲು ಸೀದಾ ಸೋರುವ ನಾಳಕ್ಕೇ ಹೋಗಿತ್ತು. ತೆಂಗಿನೆಣ್ಣೆಯ ಗುಣಗಾನ ಮಾಡುವ ವಿಡಿಯೊಗಳು ಈ ಒಂದು ಅಂಶವನ್ನು ಹೇಳುವುದೇ ಇಲ್ಲ. ಆರೋಗ್ಯವಾಗಿರುವವರಿಗೆ ಅದರಿಂದ ವ್ಯತ್ಯಾಸವೇನೂ ಆಗದು. ಇವರಿಗೆ ಆಯಿತು.

ಎಣ್ಣೆ ಬದಲಿಸುವುದು ಸುಲಭವಿತ್ತು. ಶೀಶೆಯ ಮೇಲೆ ಸಿ8, ಸಿ10 ಎಂದು ಬರೆದಿರಬೇಕು, ಲಾರಿಕ್ ಅಥವಾ ಸಿ12 ಎಂದಿದ್ದರೆ ಬೇಡ ಎಂದು ಗಂಡನಿಗೆ ಬರೆದುಕೊಟ್ಟೆ. ಆ ಎಣ್ಣೆಯಲ್ಲಿ ಹುರಿಯಬಾರದು, ಬೇಗ ಹೊಗೆಯಾಡುತ್ತದೆ. ಇಳಿಸಿದ ಮೇಲೆ ಅನ್ನಕ್ಕೋ ಸಾರಿಗೋ ಬೆರೆಸಬೇಕು. ಮೊದಲ ದಿನವೇ ಜಾಸ್ತಿ ಹಾಕಿದರೆ ಹೊಟ್ಟೆ ಕಿವುಚಿ ಭೇದಿಯಾಗುತ್ತದೆ. ಒಂದು ಚಿಕ್ಕ ಚಮಚದಿಂದ ಶುರುಮಾಡಿ ಏರಿಸಬೇಕು.

ಕಷ್ಟವಾದದ್ದು ಕಾಯಿ. ಅತ್ತೆ ನೇರವಾಗಿ ಕೇಳಿದರು: “ಕಾಯಿ ಹಾಕ್ದೆ ಸಾರು ಎಂತಾ ಮಾಡೂದು?” ಲೆಕ್ಕ ಹಾಕಿ ತೋರಿಸಿದೆ. ಹಸಿ ತೆಂಗಿನಕಾಯಿಯಲ್ಲಿ ಮೂರನೇ ಒಂದು ಭಾಗ ಕೊಬ್ಬು. ಒಂದು ಕಾಯಿಯ ತುರಿ 300 ಗ್ರಾಂ ಬಂತೆಂದರೆ ಕೊಬ್ಬು 100 ಗ್ರಾಂ. ಮನೆಯಲ್ಲಿ ಐದು ಜನ. ಒಂದು ಹೊತ್ತಿನ ಸಾರಿನಲ್ಲೇ ತಲಾ 20 ಗ್ರಾಂ ಆಯಿತು. ಅಕ್ಕೋರಿಗೆ ಇಡೀ ದಿನಕ್ಕೆ ಇರುವುದು ಅದರ ಅರ್ಧ. ಅತ್ತೆಗೆ ಗ್ರಾಂ ಲೆಕ್ಕ ಬೇಕಿರಲಿಲ್ಲ. ತಟ್ಟೆಗೆ ಏನು ಬಡಿಸುವುದು ಎಂಬುದು ಬೇಕಿತ್ತು. ನ್ಯಾಯವೇ.

ಹಾಗಾಗಿ ಅವರ ಜೊತೆಯೇ ಕೂತು ಪಟ್ಟಿ ಮಾಡಿದೆವು. ಆಮೇಲೆ ಗೊತ್ತಾಯಿತು, ನಮ್ಮ ಜಿಲ್ಲೆಯ ಅಡುಗೆಯಲ್ಲಿ ಕಾಯಿ ಬೇಡದ ಪದಾರ್ಥ ಕಡಿಮೆಯೇನಿಲ್ಲ. ಅಪ್ಪೆಹುಳಿಗೆ ಕಾಯಿ ಬೇಡ. ಮುರುಗಲ ಸಾರಿಗೆ ಬೇಡ. ಹುರುಳಿ ಬೇಯಿಸಿದ ಕಟ್ಟಿಗೆ ಬೆಳ್ಳುಳ್ಳಿ, ಉಪ್ಪು, ಹುಳಿ ಸಾಕು. ಒಗ್ಗರಣೆಗೆ ಎಣ್ಣೆ ನಾಲ್ಕು ಹನಿ, ಇಲ್ಲದಿದ್ದರೂ ನಡೆಯುತ್ತದೆ. ತಂಬುಳಿಗೆ ಕಾಯಿ ಬಿಟ್ಟು ಬೆಣ್ಣೆ ತೆಗೆದ ಮಜ್ಜಿಗೆ. ಇಡ್ಲಿಗೆ ಚಟ್ನಿ ಬದಲು ಜೋನಿ ಬೆಲ್ಲ. ಕಗ್ಗ ಅಕ್ಕಿಯ ಗಂಜಿ, ಗೆಣಸು, ಬಾಳೆಹಣ್ಣು ಎಷ್ಟು ಬೇಕೋ ಅಷ್ಟು.

ಮೀನು ಪೂರ್ತಿ ಬಿಡಬೇಕಿಲ್ಲ ಎಂದಾಗ ಅಕ್ಕೋರ ಮುಖ ಅರಳಿತು. ಬಂಗಡೆ, ತಾರ್ಲೆ ಕೊಬ್ಬಿನ ಮೀನು, ಅವು ಸದ್ಯ ಬೇಡ. ಶೆಟ್ಲಿಯಲ್ಲಿ, ಬೆಳಚಿನಲ್ಲಿ, ಕಾಣೆ ಮೀನಿನಲ್ಲಿ ಕೊಬ್ಬು ತೀರ ಕಡಿಮೆ, ಪ್ರೋಟೀನ್ ಜಾಸ್ತಿ. ಹುರಿಯದೆ ಹುಳಿ ಹಾಕಿ ಬೇಯಿಸಿ ತಿನ್ನಬಹುದು. ಇದರ ಜೊತೆ ಮೊಟ್ಟೆಯ ಬಿಳಿ ಭಾಗ, ಕೆನೆ ತೆಗೆದ ಹಾಲಿನ ಪುಡಿ.

ಕೊಬ್ಬು ಸೊನ್ನೆ ಮಾಡಿದರೂ ತಪ್ಪೇ. ಕೆಲವು ಕೊಬ್ಬಿನಾಮ್ಲಗಳು ದೇಹಕ್ಕೆ ಬೇಕೇ ಬೇಕು, ಎಂ.ಸಿ.ಟಿ.ಯಲ್ಲಿ ಅವು ಇರುವುದಿಲ್ಲ. ವಾರಗಟ್ಟಲೆ ಸಿಗದಿದ್ದರೆ ಚರ್ಮ ಒಣಗಿ ಸಿಪ್ಪೆ ಏಳುತ್ತದೆ. ಅದಕ್ಕೆಂದು ದಿನಕ್ಕೆ ಒಂದು ಚಿಕ್ಕ ಚಮಚ ಸೂರ್ಯಕಾಂತಿ ಎಣ್ಣೆ ಇಟ್ಟೆವು. ವಿಟಮಿನ್‌ಗಳನ್ನು ಮಾತ್ರೆಯಲ್ಲಿ ಕೊಟ್ಟೆವು.

ಎಣ್ಣೆ ಬದಲಾದ ಮೇಲೆ ನೀರು ತುಂಬುವ ವೇಗ ಇಳಿಯಿತು. ನಿಲ್ಲಲಿಲ್ಲ. ಲ್ಯಾಮ್‌ನಲ್ಲಿ ಊಟವೊಂದರಿಂದಲೇ ಅದು ನಿಲ್ಲುವುದೂ ಅಪರೂಪ.

ಮಾತ್ರೆ, ಮತ್ತು ಮಾತ್ರೆಗೆ ಅಡ್ಡ ಬಂದ ಮಾತ್ರೆ

ಲ್ಯಾಮ್‌ಗೆ ಇರುವ ಔಷಧಿ ಸಿರೋಲಿಮಸ್. ಎಂಟಾರ್ ಪ್ರೋಟೀನನ್ನು ತಡೆಯುವುದೇ ಇದರ ಕೆಲಸ. ಇದರ ಹುಟ್ಟಿನ ಕತೆ ಚೆನ್ನಾಗಿದೆ. 1964ರಲ್ಲಿ ಕೆನಡಾದ ತಂಡವೊಂದು ಪೆಸಿಫಿಕ್ ಸಾಗರದ ನಡುವಿನ ರಾಪಾ ನುಯಿ ದ್ವೀಪಕ್ಕೆ ಹೋಗಿ ಮಣ್ಣು ತಂದಿತು. ಆ ಮಣ್ಣಿನ ಬ್ಯಾಕ್ಟೀರಿಯಾದಿಂದ ಮಾಂಟ್ರಿಯಲ್‌ನಲ್ಲಿ ಈ ವಸ್ತುವನ್ನು ಬೇರ್ಪಡಿಸಿದವರಲ್ಲಿ ಮುಖ್ಯರು ಸುರೇಂದ್ರನಾಥ ಸೆಹಗಲ್, ಅವಿಭಜಿತ ಭಾರತದಲ್ಲಿ ಹುಟ್ಟಿದವರು. ದ್ವೀಪದ ಹೆಸರಿನಿಂದಲೇ ಅದಕ್ಕೆ ರಾಪಮೈಸಿನ್ ಎಂದಿಟ್ಟರು. ಮೊದಲು ಕಂಡದ್ದು ಶಿಲೀಂಧ್ರ ಕೊಲ್ಲುವ ಗುಣ. 1999ರಲ್ಲಿ ಅಮೆರಿಕದಲ್ಲಿ ಮೂತ್ರಪಿಂಡ ಕಸಿ ಮಾಡಿಸಿಕೊಂಡವರಿಗೆಂದು ಒಪ್ಪಿಗೆ ಸಿಕ್ಕಿತು. ಲ್ಯಾಮ್ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ ಬಂದದ್ದು 2011ರಲ್ಲಿ. ಅದರಲ್ಲಿ ಇದ್ದವರು 89 ಜನ. ಒಂದು ವರ್ಷ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಶಕ್ತಿ ಕುಸಿಯುವುದು ನಿಂತಿತು. ಬಿಟ್ಟ ಮೇಲೆ ಮತ್ತೆ ಕುಸಿಯತೊಡಗಿತು. 2015ರಲ್ಲಿ ಅಲ್ಲಿ ಲ್ಯಾಮ್‌ಗೂ ಒಪ್ಪಿಗೆ ದೊರೆಯಿತು.

ಎದೆಯಲ್ಲಿ ದುಗ್ಧರಸ ತುಂಬುವವರಿಗೆ ನಾಳ ಕಟ್ಟುವ ಆಪರೇಷನ್, ತಂತಿ ಒಳಗಿಳಿಸಿ ನಾಳ ಮುಚ್ಚುವ ವಿಧಾನ ಇವೆ. ಆದರೆ ಲ್ಯಾಮ್‌ನಲ್ಲಿ ತೊಂದರೆ ಒಂದೇ ಜಾಗದಲ್ಲಿ ಇರುವುದಿಲ್ಲ. ಆಪರೇಷನ್ನಿಗೆ ಮೊದಲು ಸಿರೋಲಿಮಸ್ ಕೊಟ್ಟು ನೋಡಿ ಎಂದು 2016ರಲ್ಲಿ ಅಮೆರಿಕ ಮತ್ತು ಜಪಾನಿನ ಶ್ವಾಸಕೋಶ ತಜ್ಞರ ಸಂಘಗಳು ಸೇರಿ ಸಲಹೆ ಕೊಟ್ಟಿವೆ. ಇವರಿಗೂ ಅದೇ ದಾರಿ.

ಒಂದು ತೊಡಕಿತ್ತು. ಅಕ್ಕೋರು ಇನ್ನೂ ಕ್ಷಯದ ಮಾತ್ರೆ ತಿನ್ನುತ್ತಿದ್ದರು. ಅದರಲ್ಲಿರುವ ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಚುರುಕು ಮಾಡುತ್ತದೆ. ಅದರ ಜೊತೆ ಸಿರೋಲಿಮಸ್ ಕೊಟ್ಟರೆ ರಕ್ತದಲ್ಲಿ ನಿಲ್ಲುವುದೇ ಇಲ್ಲ. ಎಲ್ಲ ವರದಿ ಮುಂದಿಟ್ಟುಕೊಂಡು, ಕ್ಷಯ ಇಲ್ಲ ಎಂದು ತಜ್ಞರಿಗೆ ಖಚಿತವಾದ ಮೇಲೆ ಆ ಮಾತ್ರೆಗಳನ್ನು ನಿಲ್ಲಿಸಲಾಯಿತು. ನಿಲ್ಲಿಸಿದ ಕೂಡಲೇ ಕಿಣ್ವಗಳು ಮೊದಲಿನಂತಾಗುವುದಿಲ್ಲ, ಸುಮಾರು ಎರಡು ವಾರ ಬೇಕು. ಅಷ್ಟು ಕಾದು ಶುರುಮಾಡಿದರು. ಸಿರೋಲಿಮಸ್ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಮೊದಲೇ ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಮಾಡಿಸಿದ್ದರು.

ಮಾತ್ರೆ ಕೆಲಸ ಮಾಡಲು ಕಾಲ ಬೇಕು. ಮೊದಲ ತಿಂಗಳು ಏನೂ ಗೊತ್ತಾಗಲಿಲ್ಲ. ಎರಡನೇ ತಿಂಗಳಲ್ಲೂ ಒಮ್ಮೆ ನೀರು ತೆಗೆಯಬೇಕಾಯಿತು. ಆಮೇಲೆ ಬೇಕಾಗಿಲ್ಲ. ಆರನೇ ತಿಂಗಳ ಸ್ಕ್ಯಾನಿನಲ್ಲಿ ಬುಡದಲ್ಲಿ ತೆಳುವಾಗಿ ಸ್ವಲ್ಪ ಉಳಿದಿತ್ತು ಅಷ್ಟೆ. ಶ್ವಾಸಕೋಶದ ಶಕ್ತಿ ಅಳೆಯುವ ಊದುವ ಪರೀಕ್ಷೆಯ ಅಂಕ ಏರಿಲ್ಲ, ಇಳಿದೂ ಇಲ್ಲ. ಗುಳ್ಳೆಗಳು ಹೋಗುವುದಿಲ್ಲ, ಆದ ಹಾನಿ ಹಿಂದಕ್ಕೆ ಬರುವುದಿಲ್ಲ ಎಂದು ಮೊದಲೇ ಹೇಳಿದ್ದೆವು.

ತೊಂದರೆಗಳೂ ಬಂದವು. ಬಾಯಿಯಲ್ಲಿ ಹುಣ್ಣು. ಅಪ್ಪೆಹುಳಿಯ ಹುಳಿಗೆ ಅದು ಉರಿಯುತ್ತಿತ್ತು, ಕೆಲವು ದಿನ ಅದನ್ನು ಬಿಟ್ಟು ಗಂಜಿ ಮಜ್ಜಿಗೆಯಲ್ಲೇ ಕಳೆದರು. ರಕ್ತದ ಕೊಲೆಸ್ಟರಾಲ್ ಏರಿತು, ಇದೂ ಸಿರೋಲಿಮಸ್‌ನದ್ದೇ ಗುಣ. ರಕ್ತದಲ್ಲಿ ಮಾತ್ರೆಯ ಮಟ್ಟ ನೋಡಿ ಪ್ರಮಾಣ ಇಳಿಸಿದ ಮೇಲೆ ಹುಣ್ಣು ಮಾಯಿತು. ಚಕ್ಕೋತದ ಜಾತಿಯ ಹಣ್ಣುಗಳು ಆ ಮಟ್ಟವನ್ನು ಏರಿಸಬಹುದು. ಹಿತ್ತಲಲ್ಲಿ ಒಂದು ಮರವಿತ್ತು, ಹಣ್ಣೆಲ್ಲ ಪಕ್ಕದ ಮನೆಗೆ ಹೋಯಿತು. ನೆಗಡಿ ಕೆಮ್ಮಿಗೆ ಅಂಗಡಿಯಿಂದ ಸುಮ್ನೆ ಆಂಟಿಬಯೋಟಿಕ್ ತಂದು ನುಂಗಬೇಡಿ, ಕೆಲವು ಈ ಮಾತ್ರೆಯ ಜೊತೆ ಸೇರಿದರೆ ಅಪಾಯ ಎಂದು ಗಂಡನಿಗೆ ಬೇರೆಯಾಗಿ ಹೇಳಿದ್ದೇವೆ. ಮತ್ತೆ ಬಸಿರಾಗದಿರಲು ಹಾರ್ಮೋನ್ ಇಲ್ಲದ ಕಾಪರ್ ಟಿ ಹಾಕಿಸಿಕೊಂಡರು.

ಖರ್ಚಿನ ಮಾತು. ಆಸ್ಪತ್ರೆಯಲ್ಲಿ ಮಲಗಿದ ದಿನಗಳಿಗೆ ಸರ್ಕಾರದ ಆರೋಗ್ಯ ಕಾರ್ಡು ನೆರವಾಯಿತು. ನಿತ್ಯದ ಮಾತ್ರೆಗೆ, ಮಟ್ಟ ನೋಡುವ ಟೆಸ್ಟಿಗೆ, ಎಂ.ಸಿ.ಟಿ. ಎಣ್ಣೆಗೆ ಕೈಯಿಂದಲೇ ಹಾಕಬೇಕು. ಅಂಗನವಾಡಿಯ ಗೌರವಧನದಲ್ಲಿ ಇದು ಭಾರವೇ. ಈಗ ನೀರು ತುಂಬುವುದು ನಿಂತಿರುವುದರಿಂದ ಎಣ್ಣೆಯ ಖರ್ಚನ್ನು ಅರ್ಧಕ್ಕೆ ಇಳಿಸಲು ತಜ್ಞರು ಒಪ್ಪಿದ್ದಾರೆ. ಮಾತ್ರೆ ಮಾತ್ರ ಬಿಡುವ ಹಾಗಿಲ್ಲ.

ಶಿರಸಿ ಮಾರಿಕಾಂಬಾ ಜಾತ್ರೆಗೆ ಹೋಗಬಹುದಾ ಎಂದು ಕೇಳಿದ್ದರು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ತಪ್ಪಿಸಲು ಮನಸ್ಸಿಲ್ಲ. ದೇವಿಮನೆ ಘಟ್ಟ ಹತ್ತುವುದರಿಂದ ಶ್ವಾಸಕೋಶಕ್ಕೆ ಏನೂ ಆಗದು, ಜನಜಂಗುಳಿಯಲ್ಲಿ ಮಾಸ್ಕ್ ತೆಗೆಯಬೇಡಿ ಎಂದೆ. ಹಠಾತ್ತನೆ ಎದೆ ನೋವು ಬಂದು ಉಸಿರು ಕಟ್ಟಿದರೆ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ, ‘ಲ್ಯಾಮ್ ಇದೆ, ಗಾಳಿ ಸೋರಿರಬಹುದು, ಎಕ್ಸ್‌ರೇ ತೆಗೆಯಿರಿ’ ಎಂದು ಹೇಳಬೇಕು. ಇದನ್ನು ಒಂದು ಹಾಳೆಯಲ್ಲಿ ಬರೆದು, ಲ್ಯಾಮಿನೇಟ್ ಮಾಡಿಸಿ ಕೊಟ್ಟಿದ್ದೇವೆ. ಮೂರು ಕಾಲದ ಕಾಗದಗಳ ಸಾರಾಂಶವೂ ಅದರ ಹಿಂಬದಿಯಲ್ಲಿದೆ.

ಮೂತ್ರಪಿಂಡದ ಗಡ್ಡೆ ಬೆಳೆದಿಲ್ಲ. ನಾಲ್ಕು ಸೆಂಟಿಮೀಟರ್ ದಾಟಿದರೆ ರಕ್ತಸ್ರಾವದ ಭಯ ಇರುವುದರಿಂದ ವರ್ಷಕ್ಕೊಮ್ಮೆ ನೋಡಬೇಕು. ಊಟದಲ್ಲಿ ಈಗ ವಾರಕ್ಕೆ ಎರಡು ದಿನ ಒಂದು ಚಮಚ ಕಾಯಿತುರಿಗೆ ಅವಕಾಶ ಕೊಟ್ಟಿದ್ದೇವೆ. ನೀರು ಮರಳದಿದ್ದರೆ ಬಂಗಡೆಯ ವಿಚಾರ ಮುಂದೆ ನೋಡೋಣ ಎಂದಿದ್ದೇನೆ. ಈ ಸಲದ ಸ್ಕ್ಯಾನನ್ನು ಬೇಕೆಂದೇ ಚೌತಿ ಕಳೆದು ಒಂದು ವಾರಕ್ಕೆ ಇಟ್ಟಿದ್ದೇವೆ. ಹಬ್ಬದಲ್ಲಿ ಯಾರು ಎಷ್ಟು ತಿಂದರು ಎಂಬುದು ಅದರಲ್ಲಿ ಗೊತ್ತಾಗುತ್ತದೆ ಎಂದು ಅತ್ತೆಗೂ ಹೇಳಿಟ್ಟಿದ್ದೇನೆ.